ಕೋಚ್ ಬದಲಾದರೆ ಸೋಲುವ ತಂಡ ಗೆಲ್ಲಲು ಶುರು ಮಾಡುತ್ತದೆಯೇ? ಬೆಂಗಳೂರು ಎಫ್‌ಸಿಯ ಲೆಕ್ಕ ಏನು ಹೇಳುತ್ತದೆ

ನೆಚ್ಚಿನ ತಂಡ ಸತತ ಮೂರು ಪಂದ್ಯ ಸೋತರೆ ಸಾಕು, ಫುಟ್‌ಬಾಲ್ ಅಭಿಮಾನಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಣ ಹುಟ್ಟಿಕೊಳ್ಳುತ್ತವೆ. "ಮೊದಲು ಕೋಚ್‌ನ ಮನೆಗೆ ಕಳಿಸಿ, ಮುಂದಿನ ಪಂದ್ಯದಿಂದಲೇ ಬದಲಾವಣೆ ನೋಡಿ" ಎನ್ನುವುದು ಒಂದು ಬಣ. "ಫರ್ಗುಸನ್‌ಗೆ ಸಮಯ ಕೊಟ್ಟಿದ್ದಕ್ಕೇ ಮ್ಯಾಂಚೆಸ್ಟರ್ ಯುನೈಟೆಡ್ ಅಷ್ಟು ದೊಡ್ಡದಾಯಿತು, ಸ್ವಲ್ಪ ತಾಳ್ಮೆ ಇರಲಿ" ಎನ್ನುವುದು ಇನ್ನೊಂದು. ಎರಡೂ ಕಡೆಯವರು ಫೋಟೊ, ಅಂಕಿಅಂಶ, ವಿಡಿಯೊ ತುಣುಕುಗಳನ್ನು ಫಾರ್ವರ್ಡ್ ಮಾಡುತ್ತಾರೆ. ಎರಡೂ ಕಡೆಯ ಸಂದೇಶಗಳು ಓದಿದಾಗ ಸರಿ ಎನಿಸುತ್ತವೆ.

ಹಾಗಾದರೆ ನಿಜ ಏನು? ಇದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮದೇ ಬೆಂಗಳೂರು ಎಫ್‌ಸಿ ತಂಡದ ಮೂರು ಋತುಗಳ ಅಂಕಪಟ್ಟಿ ಸಾಕು.

ಚುಟುಕಾಗಿ ಉತ್ತರ

ಕೋಚ್ ಬದಲಾದ ಮೇಲೆ ತಂಡದ ಫಲಿತಾಂಶ ಸುಧಾರಿಸುವುದು ಸಾಮಾನ್ಯ. ಆದರೆ ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದು ಕೋಚ್‌ನನ್ನು ಬದಲಿಸದ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸುತ್ತವೆ. ಹಾಗಾಗಿ "ಬದಲಾದ ಮೇಲೆ ಗೆದ್ದರು" ಎನ್ನುವುದು "ಬದಲಾದದ್ದರಿಂದ ಗೆದ್ದರು" ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಕೋಚ್‌ನನ್ನು ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಅವನ್ನು ಗುರುತಿಸಲು ಕಳೆದ ಮೂರು ಪಂದ್ಯಗಳ ಫಲಿತಾಂಶ ಸಾಲದು.

ಮೊದಲು ಹಿನ್ನೆಲೆ

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಕೋಚ್ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ಅವರ ಕಾಲದಲ್ಲಿ 2013-14 ಮತ್ತು 2015-16ರಲ್ಲಿ ತಂಡ ಐ-ಲೀಗ್ ಗೆದ್ದಿತು. ನಂತರ ಬಂದ ಸ್ಪೇನ್‌ನ ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ವರೆಗೆ ಕರೆದೊಯ್ದರು. ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ 2018ರಲ್ಲಿ ಮುಖ್ಯ ಕೋಚ್ ಆದರು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಕಿರೀಟ ಬೆಂಗಳೂರಿಗೆ ಬಂತು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲಿಗೆ ಗೋವಾ ಸೋತಿತು.

ಅಂದರೆ ಮೊದಲ ಆರು ವರ್ಷ ಕಂಠೀರವ ಕ್ರೀಡಾಂಗಣದ ಪ್ರೇಕ್ಷಕರಿಗೆ ಗೆಲುವೇ ಅಭ್ಯಾಸವಾಗಿತ್ತು. ಗೆಲುವು ಅಭ್ಯಾಸವಾದವರಿಗೆ ಸೋಲು ಬಂದಾಗ ಯಾರಾದರೊಬ್ಬರು ತಪ್ಪಿತಸ್ಥರು ಬೇಕಾಗುತ್ತಾರೆ. ಫುಟ್‌ಬಾಲ್‌ನಲ್ಲಿ ಆ ಜಾಗ ಸಾಮಾನ್ಯವಾಗಿ ಕೋಚ್‌ನದ್ದು. ಇಪ್ಪತ್ತೈದು ಆಟಗಾರರನ್ನು ಋತುವಿನ ನಡುವೆ ಬದಲಿಸಲು ಆಗುವುದಿಲ್ಲ, ಒಬ್ಬ ಕೋಚ್‌ನನ್ನು ಬದಲಿಸಬಹುದು.

ಒಂದೇ ತಂಡ, ಮೂರು ಋತು

ಫುಟ್‌ಬಾಲ್ ಲೀಗ್‌ನಲ್ಲಿ ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ. ತಂಡ ಹೇಗೆ ಆಡುತ್ತಿದೆ ಎಂದು ಹೋಲಿಸಲು ಪಂದ್ಯಕ್ಕೆ ಸರಾಸರಿ ಎಷ್ಟು ಅಂಕ ಬಂತು ಎಂದು ನೋಡುವುದು ಸುಲಭದ ದಾರಿ.

ಮೊದಲನೆಯದು, 2020-21. ಕೋವಿಡ್ ಕಾರಣಕ್ಕೆ ಎಲ್ಲ ಪಂದ್ಯಗಳೂ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆದವು. ಬೆಂಗಳೂರು ಮೊದಲ 9 ಪಂದ್ಯಗಳಲ್ಲಿ 3 ಗೆದ್ದು, 3 ಡ್ರಾ ಮಾಡಿಕೊಂಡು, 3 ಸೋತಿತ್ತು. ಆ ಮೂರು ಸೋಲುಗಳು ಸಾಲಾಗಿ ಬಂದವು: ಎಟಿಕೆ ಮೋಹನ್ ಬಾಗಾನ್, ಜಮ್‌ಶೆಡ್‌ಪುರ ಮತ್ತು ಮುಂಬೈ ಸಿಟಿ ವಿರುದ್ಧ. 2021ರ ಜನವರಿ 6ರಂದು ಕ್ಲಬ್ ಮತ್ತು ಕ್ವಾದ್ರಾತ್ ಬೇರೆಯಾದರು. ಉಳಿದ ಋತುವಿಗೆ ನೌಶಾದ್ ಮೂಸಾ ಹಂಗಾಮಿ ಕೋಚ್ ಆದರು. ಮುಂದಿನ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ 0-1 ಸೋಲು. ಉಳಿದ 11 ಪಂದ್ಯಗಳಲ್ಲಿ ಸಿಕ್ಕಿದ್ದು 2 ಗೆಲುವು, 4 ಡ್ರಾ. ಬದಲಾವಣೆಗೆ ಮುನ್ನ ಪಂದ್ಯಕ್ಕೆ 1.33 ಅಂಕ, ಬದಲಾವಣೆಯ ನಂತರ 0.91. ತಂಡ 11 ತಂಡಗಳ ಪೈಕಿ 7ನೇ ಸ್ಥಾನಕ್ಕೆ ಇಳಿಯಿತು.

ಎರಡನೆಯದು, 2022-23. ಕೋಚ್ ಇಂಗ್ಲೆಂಡಿನ ಸೈಮನ್ ಗ್ರೇಸನ್. ಋತುವಿನ ಆರಂಭದಲ್ಲಿ ಡ್ಯುರಾಂಡ್ ಕಪ್ ಗೆದ್ದ ತಂಡ ಲೀಗ್‌ನಲ್ಲಿ ಮಾತ್ರ ನೆಲಕಚ್ಚಿತು. ಮೊದಲ 12 ಪಂದ್ಯಗಳಲ್ಲಿ 8 ಸೋಲು, ಒಟ್ಟು 10 ಅಂಕ. ಪಂದ್ಯಕ್ಕೆ 0.83. ಕ್ವಾದ್ರಾತ್ ಹೊರಟಾಗ ಇದ್ದದ್ದಕ್ಕಿಂತ ಇದು ತುಂಬಾ ಕೆಟ್ಟ ಸ್ಥಿತಿ. ಆದರೆ ಈ ಸಲ ಕ್ಲಬ್ ಕೋಚ್‌ನನ್ನು ಬದಲಿಸಲಿಲ್ಲ. ಮುಂದೆ ಆದದ್ದು ಏನು? ಉಳಿದ 8 ಪಂದ್ಯಗಳಲ್ಲಿ ಎಂಟಕ್ಕೆ ಎಂಟೂ ಗೆಲುವು. ಅಲ್ಲಿಯವರೆಗೆ ಆ ಋತುವಿನ ಲೀಗ್‌ನಲ್ಲಿ ಸೋಲೇ ಕಾಣದಿದ್ದ ಮುಂಬೈ ಸಿಟಿಯನ್ನೂ ಈ ಓಟದಲ್ಲಿ ಸೋಲಿಸಿತು. ತಂಡ 4ನೇ ಸ್ಥಾನಕ್ಕೇರಿ, ಫೈನಲ್ ತಲುಪಿ, 2023ರ ಮಾರ್ಚ್ 18ರಂದು ಎಟಿಕೆ ಮೋಹನ್ ಬಾಗಾನ್ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಷ್ಟೇ ಸೋತಿತು.

ಮೂರನೆಯದು, 2023-24. ಅದೇ ಗ್ರೇಸನ್. 9 ಪಂದ್ಯಗಳಲ್ಲಿ ಒಂದೇ ಗೆಲುವು, 7 ಅಂಕ. ಪಂದ್ಯಕ್ಕೆ 0.78. ಡಿಸೆಂಬರ್ 8ರಂದು ಕಂಠೀರವದಲ್ಲೇ ಮುಂಬೈ ಸಿಟಿ ವಿರುದ್ಧ 0-4 ಸೋಲು. ಮಾರನೇ ದಿನ ಗ್ರೇಸನ್ ನಿರ್ಗಮನ. ಕೆಲವೇ ದಿನಗಳಲ್ಲಿ ಸ್ಪೇನ್‌ನ ಜೆರಾರ್ಡ್ ಜರಗೋಜಾ ಬಂದರು. ಉಳಿದ 13 ಪಂದ್ಯಗಳಲ್ಲಿ 15 ಅಂಕ, ಅಂದರೆ ಪಂದ್ಯಕ್ಕೆ 1.15. ಸ್ವಲ್ಪ ಸುಧಾರಣೆ ಆಯಿತು, ಆದರೂ 12 ತಂಡಗಳಲ್ಲಿ 10ನೇ ಸ್ಥಾನ.

ಈಗ ಒಂದು ಪ್ರಯೋಗ ಮಾಡಿ. ಮೂರನೇ ಋತುವಿನ ಲೆಕ್ಕ ಮಾತ್ರ ಕೊಟ್ಟು ಫಾರ್ವರ್ಡ್ ಬರೆದರೆ "ಕೋಚ್ ಬದಲಾಯಿತು, ತಂಡ ಸುಧಾರಿಸಿತು" ಎಂದಾಗುತ್ತದೆ. ಮೊದಲ ಋತುವಿನದ್ದು ಮಾತ್ರ ಕೊಟ್ಟರೆ "ಕೋಚ್ ಬದಲಾಯಿತು, ತಂಡ ಹಾಳಾಯಿತು". ಎರಡನೆಯದು ಮಾತ್ರ ಕೊಟ್ಟರೆ "ಕೋಚ್‌ನನ್ನು ಉಳಿಸಿಕೊಂಡದ್ದಕ್ಕೇ ಎಂಟು ಗೆಲುವು". ಮೂರರಲ್ಲೂ ಅಂಕಿಗಳು ಸುಳ್ಳಲ್ಲ. ಒಂದನ್ನೇ ಆರಿಸಿಕೊಂಡಾಗ ಬರುವ ತೀರ್ಮಾನ ಮಾತ್ರ ನಂಬುವಂಥದ್ದಲ್ಲ.

ತಳ ಮುಟ್ಟಿದ್ದು ಮೇಲೇಳುವುದು ಏಕೆ?

ಇದರ ಹಿಂದಿರುವ ಸಂಗತಿಗೆ "ಸರಾಸರಿಯ ಕಡೆಗೆ ಮರಳುವಿಕೆ" ಎನ್ನುತ್ತಾರೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿ ಇದನ್ನು ವಿವರಿಸಿದರು. ತೀರಾ ಎತ್ತರದವರ ಮಕ್ಕಳು ಎತ್ತರವಾಗಿಯೇ ಇರುತ್ತಾರೆ, ಆದರೆ ಸರಾಸರಿ ನೋಡಿದರೆ ಅಪ್ಪ ಅಮ್ಮನಷ್ಟಲ್ಲ. ಕೌಶಲದ ಜೊತೆಗೆ ಅದೃಷ್ಟವೂ ಬೆರೆತಿರುವ ಎಲ್ಲ ಕಡೆ ಇದು ಕಾಣುತ್ತದೆ: ತೀರಾ ಒಳ್ಳೆಯದರ ನಂತರ ಸ್ವಲ್ಪ ಕಡಿಮೆ, ತೀರಾ ಕೆಟ್ಟದ್ದರ ನಂತರ ಸ್ವಲ್ಪ ಉತ್ತಮ.

ನಮ್ಮ ರಾಮನಗರ ಸೀಮೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕೂಟಗಲ್ ಕಡೆಯ ಒಬ್ಬ ರೇಷ್ಮೆ ಬೆಳೆಗಾರರನ್ನು ಊಹಿಸಿಕೊಳ್ಳಿ. ಒಂದು ಬೆಳೆ ಪೂರ್ತಿ ಕೈಕೊಟ್ಟಿತು. ಆ ತಿಂಗಳು ಮೋಡ ಮುಸುಕಿತ್ತು, ಸೊಪ್ಪು ಒದ್ದೆಯಾಗಿತ್ತು, ಹುಳಕ್ಕೆ ರೋಗವೂ ತಗುಲಿತು, ಮಾರುಕಟ್ಟೆಗೆ ಗೂಡು ಹಾಕಿದ ದಿನ ದರವೂ ಬಿದ್ದಿತ್ತು. ಬೇಸರಪಟ್ಟು ಅವರು ಚಾಕಿ ಹುಳು ತರುವ ಕಡೆಯನ್ನೇ ಬದಲಿಸಿದರು. ಮುಂದಿನ ಬೆಳೆ ಚೆನ್ನಾಗಿ ಬಂತು. "ಹೊಸ ಚಾಕಿ ಕೈಹಿಡಿಯಿತು" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದರು. ಹೊಸ ಚಾಕಿಯೇ ಕಾರಣ ಇರಬಹುದು. ಆದರೆ ಮೋಡ, ಸೊಪ್ಪು, ರೋಗ, ದರ ಎಲ್ಲವೂ ಮತ್ತೆ ಒಟ್ಟಿಗೆ ಕೆಡುವ ಸಾಧ್ಯತೆ ಕಡಿಮೆ. ಹಳೆಯ ಕಡೆಯಿಂದಲೇ ಹುಳು ತಂದಿದ್ದರೂ ಮುಂದಿನ ಬೆಳೆ ಬಹುಶಃ ಸುಧಾರಿಸುತ್ತಿತ್ತು. ಯಾವುದು ನಿಜ ಎಂದು ತಿಳಿಯಲು ಒಂದೇ ದಾರಿ ಇದೆ: ಅದೇ ತಿಂಗಳು ಬೆಳೆ ಕಳೆದುಕೊಂಡು, ಚಾಕಿ ಬದಲಿಸದೆ ಇದ್ದ ನೆರೆಯವರ ಮುಂದಿನ ಬೆಳೆ ಹೇಗಿತ್ತು ಎಂದು ಕೇಳುವುದು.

ಕೋಚ್ ವಿಷಯದಲ್ಲೂ ಹೀಗೆಯೇ. ತಂಡ ಚೆನ್ನಾಗಿ ಆಡುತ್ತಿರುವಾಗ ಯಾರೂ ಕೋಚ್‌ನನ್ನು ತೆಗೆಯುವುದಿಲ್ಲ. ತೆಗೆಯುವುದು ತಂಡ ತಳ ಮುಟ್ಟಿದಾಗ. ಗಾಯಾಳುಗಳು, ಕಂಬಕ್ಕೆ ಬಡಿದ ಚೆಂಡು, ರೆಫರಿಯ ತೀರ್ಪು, ಸಾಲಾಗಿ ಬಂದ ಬಲಿಷ್ಠ ಎದುರಾಳಿಗಳು ಎಲ್ಲವೂ ಸೇರಿದ ಹೊತ್ತು ಅದು. ತಳದಿಂದ ಮುಂದಿನ ಹೆಜ್ಜೆ ಹೆಚ್ಚಾಗಿ ಮೇಲಕ್ಕೇ ಇರುತ್ತದೆ. ಆ ಹೊತ್ತಿಗೆ ಹೊಸದಾಗಿ ಬಂದು ಕುಳಿತವರಿಗೆ ಅದರ ಶ್ರೇಯ ಸಿಗುತ್ತದೆ.

ಮೂರು ಸೋಲು ಎಷ್ಟು ದೊಡ್ಡ ಸುದ್ದಿ?

ಫುಟ್‌ಬಾಲ್‌ನಲ್ಲಿ ಗೋಲುಗಳು ಕಡಿಮೆ. ಎರಡೂ ತಂಡ ಸೇರಿ ಪಂದ್ಯಕ್ಕೆ ಸಾಮಾನ್ಯವಾಗಿ ಎರಡೂವರೆಯಿಂದ ಮೂರು. ಆದ್ದರಿಂದ ಒಂದೇ ಒಂದು ಅದೃಷ್ಟದ ಗೋಲು ಪಂದ್ಯವನ್ನೇ ತಿರುಗಿಸುತ್ತದೆ.

ನಾವು ಒಂದು ಸರಳ ಲೆಕ್ಕ ಮಾಡಿದೆವು. ಒಂದು ಸಾಧಾರಣ ತಂಡ ಇದೆ, ಪ್ರತಿ ಪಂದ್ಯದಲ್ಲೂ ಅದು ಸೋಲುವ ಸಾಧ್ಯತೆ ನೂರಕ್ಕೆ 35 ಎಂದಿಟ್ಟುಕೊಳ್ಳಿ. ಕೋಚ್ ಅದೇ, ಆಟಗಾರರು ಅವರೇ, ಆಟದ ಮಟ್ಟವೂ ಋತುವಿಡೀ ಅದೇ. ಹಾಗಿದ್ದರೂ 20 ಪಂದ್ಯಗಳ ಋತುವಿನಲ್ಲಿ ಎಲ್ಲಾದರೂ ಒಮ್ಮೆ ಸತತ ಮೂರು ಸೋಲು ಬರುವ ಸಾಧ್ಯತೆ ನೂರಕ್ಕೆ ಸುಮಾರು 43. ಅಂದರೆ ಏನೂ ಕೆಡದೆ ಇದ್ದರೂ, ಇಂಥ ಹತ್ತು ತಂಡಗಳಲ್ಲಿ ನಾಲ್ಕಕ್ಕೆ ಆ "ಬಿಕ್ಕಟ್ಟು" ಬಂದೇ ಬರುತ್ತದೆ.

ಸತತ ಸೋಲು ಕಂಡಾಗ ನಮ್ಮ ಮನಸ್ಸು ಕಾರಣ ಹುಡುಕುತ್ತದೆ. ಕೆಲವು ಸಲ ಕಾರಣ ಇರುತ್ತದೆ. ಹಲವು ಸಲ ಅದು ಲೆಕ್ಕದ ಸಹಜ ಏರಿಳಿತ ಅಷ್ಟೇ.

ಸಂಶೋಧನೆ ಏನು ಹೇಳುತ್ತದೆ?

"ಬದಲಿಸದ ನೆರೆಯವರನ್ನು ಕೇಳುವ" ಕೆಲಸವನ್ನು ನೆದರ್‌ಲೆಂಡ್ಸ್‌ನ ಅರ್ಥಶಾಸ್ತ್ರಜ್ಞರು ಮಾಡಿದ್ದಾರೆ. ಬಾಸ್ ತೆರ್ ವೇಲ್ ಅವರು 1986ರಿಂದ 2004ರವರೆಗಿನ ಡಚ್ ಉನ್ನತ ಲೀಗ್‌ನ ಫಲಿತಾಂಶಗಳನ್ನು ತೆಗೆದುಕೊಂಡರು. ಕೋಚ್‌ನನ್ನು ತೆಗೆದ ತಂಡಗಳು ಒಂದು ಕಡೆ. ಅಂಥದ್ದೇ ಕುಸಿತ ಕಂಡರೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳು ಇನ್ನೊಂದು ಕಡೆ. ತೆಗೆದ ತಂಡಗಳು ಸುಧಾರಿಸಿದವು. ಉಳಿಸಿಕೊಂಡ ತಂಡಗಳೂ ಸುಧಾರಿಸಿದವು. ಕೋಚ್ ಬದಲಾವಣೆಯಿಂದಲೇ ಬಂದ ಲಾಭ ಎಂದು ಬೇರ್ಪಡಿಸಿ ತೋರಿಸುವಂಥದ್ದು ಸಿಗಲಿಲ್ಲ.

ಇದೇ ಮೋಸವನ್ನು ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಬೇರೊಂದು ಕಡೆ ಕಂಡಿದ್ದರು. ಇಸ್ರೇಲ್ ವಾಯುಪಡೆಯ ತರಬೇತುದಾರರೊಬ್ಬರು ಅವರೊಂದಿಗೆ ವಾದಿಸಿದರು: ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ, ಹಾಗಾಗಿ ಬೈಗುಳವೇ ಮದ್ದು ಎಂದು. ವಾಸ್ತವದಲ್ಲಿ ಹೊಗಳದೆ, ಬೈಯದೆ ಸುಮ್ಮನಿದ್ದರೂ ಅದೇ ಏರಿಳಿತ ಕಾಣುತ್ತಿತ್ತು. ಕೋಚ್‌ಗೆ ಬೈದು ಹಾಕಿದ ಪೋಸ್ಟ್‌ನ ಮರುದಿನ ತಂಡ ಗೆದ್ದರೆ ನಮಗೂ ಹೀಗೆಯೇ ಅನಿಸುತ್ತದೆ.

ಹಾಗಾದರೆ ಟುಕೆಲ್? ಫರ್ಗುಸನ್?

ಫಾರ್ವರ್ಡ್‌ಗಳಲ್ಲಿ ಹೆಚ್ಚು ಓಡಾಡುವ ಎರಡು ಕಥೆಗಳಿವು.

2021ರ ಜನವರಿಯಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ ಫ್ರಾಂಕ್ ಲ್ಯಾಂಪಾರ್ಡ್ ಅವರನ್ನು ತೆಗೆದು ಥಾಮಸ್ ಟುಕೆಲ್ ಅವರನ್ನು ತಂದಿತು. ಅದೇ ಮೇ 29ರಂದು ಮ್ಯಾಂಚೆಸ್ಟರ್ ಸಿಟಿಯನ್ನು 1-0ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಇದು ನಿಜ. ಕ್ವಾದ್ರಾತ್ ಬೆಂಗಳೂರು ಬಿಟ್ಟದ್ದೂ ಅದೇ ಜನವರಿಯಲ್ಲಿ. ಅಲ್ಲಿ ಬದಲಾವಣೆಯ ಮೇಲೆ ಕಪ್ ಬಂತು, ಇಲ್ಲಿ 7ನೇ ಸ್ಥಾನ ಬಂತು. ಜಗತ್ತಿನಾದ್ಯಂತ ನೆನಪಾಗಿ ಉಳಿದದ್ದು ಮಾತ್ರ ಚೆಲ್ಸಿ ಕಥೆ.

ಅಲೆಕ್ಸ್ ಫರ್ಗುಸನ್ 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು. ಅಲ್ಲಿ ಅವರ ಮೊದಲ ದೊಡ್ಡ ಪ್ರಶಸ್ತಿ 1990ರ ಎಫ್‌ಎ ಕಪ್. 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ 13 ಲೀಗ್ ಕಿರೀಟಗಳು. ಇದೂ ನಿಜ. ಆದರೆ ಮೂರು ನಾಲ್ಕು ವರ್ಷ ತಾಳ್ಮೆ ತೋರಿಸಿಯೂ ಏನೂ ಗೆಲ್ಲದ ಕ್ಲಬ್‌ಗಳ ಬಗ್ಗೆ ಯಾರೂ ಫಾರ್ವರ್ಡ್ ಬರೆಯುವುದಿಲ್ಲ.

ಗೆದ್ದವರ ಕಥೆ ಮಾತ್ರ ನಮ್ಮ ಮೊಬೈಲ್ ತಲುಪುತ್ತದೆ, ಸೋತವರ ಕಥೆ ದಾರಿಯಲ್ಲೇ ಉಳಿಯುತ್ತದೆ. ಹಾಗಾಗಿ ಟುಕೆಲ್ ಕಥೆಯಿಂದ "ಬದಲಿಸಿ" ಎಂದೂ, ಫರ್ಗುಸನ್ ಕಥೆಯಿಂದ "ಬದಲಿಸಬೇಡಿ" ಎಂದೂ ತೀರ್ಮಾನಿಸಲು ಆಗುವುದಿಲ್ಲ.

ಹಾಗಾದರೆ ಕೋಚ್‌ಗೆ ಬೆಲೆಯೇ ಇಲ್ಲವೇ?

ಖಂಡಿತ ಇದೆ. ಯಾವ ಆಟಗಾರರನ್ನು ಕೊಳ್ಳಬೇಕು, ಹೇಗೆ ತರಬೇತಿ ಕೊಡಬೇಕು, ಯಾವ ಯುವಕನಿಗೆ ಅವಕಾಶ ಕೊಡಬೇಕು ಎಂಬುದರಲ್ಲಿ ಕೋಚ್‌ನ ಕೈ ದೊಡ್ಡದು. ಆದರೆ ಅದರ ಫಲ ಕಾಣಲು ಸಮಯ ಬೇಕು. ಋತುವಿನ ನಡುವೆ ಬಂದ ಕೋಚ್‌ಗೆ ಹಿಂದಿನವರು ಆರಿಸಿದ ಆಟಗಾರರೇ ಸಿಗುತ್ತಾರೆ.

ಜರಗೋಜಾ ಅವರ ಉದಾಹರಣೆ ನೋಡಿ. ಋತುವಿನ ನಡುವೆ ಬಂದಾಗ 10ನೇ ಸ್ಥಾನ. ಕ್ಲಬ್ ಅವರನ್ನು ಉಳಿಸಿಕೊಂಡಿತು. 2024-25ರ ಪೂರ್ವಸಿದ್ಧತೆ ಪೂರ್ತಿ ಅವರ ಕೈಯಲ್ಲಿತ್ತು. ಆ ಸಲ 24 ಪಂದ್ಯಗಳಲ್ಲಿ 38 ಅಂಕ, 3ನೇ ಸ್ಥಾನ. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ನಡೆದ ಫೈನಲ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 1-2 ಸೋಲು. ಇಲ್ಲೂ ಅದೃಷ್ಟದ ಪಾಲು ಇದ್ದಿರಬಹುದು. ಆದರೂ 24 ಪಂದ್ಯಗಳ ಲೆಕ್ಕ ಮೂರು ಪಂದ್ಯಗಳ ಲೆಕ್ಕಕ್ಕಿಂತ ಹೆಚ್ಚು ನಂಬಬಹುದಾದದ್ದು.

ಕ್ವಾದ್ರಾತ್ ಕೂಡ 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು. ಮೂರು ಸೋಲು ಕಂಡ ಕೋಚ್ ಆಟವನ್ನೇ ಮರೆತಿರುವುದಿಲ್ಲ.

ಬದಲಾವಣೆ ಬೇಕೆಂದು ಯಾವಾಗ ಹೇಳಬಹುದು?

ನಿಮ್ಮ ಗುಂಪಿನಲ್ಲಿ ಚರ್ಚೆ ನಡೆದಾಗ ಈ ಪ್ರಶ್ನೆಗಳನ್ನು ಕೇಳಿ.

1. ಫಲಿತಾಂಶ ಮಾತ್ರ ಕೆಟ್ಟಿದೆಯೇ, ಆಟವೂ ಕೆಟ್ಟಿದೆಯೇ? ಈಗ ಪ್ರತಿ ಪಂದ್ಯಕ್ಕೂ "ಎಕ್ಸ್‌ಜಿ", ಅಂದರೆ ನಿರೀಕ್ಷಿತ ಗೋಲುಗಳ ಲೆಕ್ಕ ಸಿಗುತ್ತದೆ. ಹೊಡೆದ ಪ್ರತಿ ಚೆಂಡೂ ಗೋಲಾಗುವ ಸಾಧ್ಯತೆ ಎಷ್ಟಿತ್ತು ಎಂದು ಅದು ಹೇಳುತ್ತದೆ. ಪೆನಾಲ್ಟಿಯಾದರೆ ನೂರಕ್ಕೆ 75ರಿಂದ 80, ದೂರದಿಂದ ಹೊಡೆದರೆ ತೀರಾ ಕಡಿಮೆ. ತಂಡ ಒಳ್ಳೆಯ ಅವಕಾಶ ಸೃಷ್ಟಿಸಿಯೂ ಸೋಲುತ್ತಿದ್ದರೆ ಕಾಯುವುದು ಮೇಲು. ಹತ್ತಾರು ಪಂದ್ಯಗಳಿಂದ ಅವಕಾಶಗಳೇ ಹುಟ್ಟುತ್ತಿಲ್ಲ, ಎದುರಾಳಿಗೆ ಮಾತ್ರ ಸಿಗುತ್ತಿವೆ ಎಂದರೆ ಅದು ನಿಜವಾದ ಎಚ್ಚರಿಕೆ.

2. ಎದುರಾಳಿಗಳು ಯಾರು? ಲೀಗ್‌ನ ಮೊದಲ ಮೂರು ತಂಡಗಳ ವಿರುದ್ಧ ಸಾಲಾಗಿ ಸೋತದ್ದಕ್ಕೂ ಕೊನೆಯ ಮೂರು ತಂಡಗಳ ವಿರುದ್ಧ ಸೋತದ್ದಕ್ಕೂ ವ್ಯತ್ಯಾಸವಿದೆ.

3. ಎಷ್ಟು ಮುಖ್ಯ ಆಟಗಾರರು ಗಾಯಗೊಂಡಿದ್ದಾರೆ? ಅವರು ಮರಳಿದ ಮೇಲಿನ ಸುಧಾರಣೆಯನ್ನು ಹೊಸ ಕೋಚ್‌ನ ಖಾತೆಗೆ ಬರೆಯುವುದು ಸರಿಯಲ್ಲ.

4. ಆಟಗಾರರು ಕೋಚ್‌ನ ಮಾತು ಕೇಳುತ್ತಿದ್ದಾರೆಯೇ? ಡ್ರೆಸ್ಸಿಂಗ್ ಕೋಣೆಯ ನಂಬಿಕೆ ಮುರಿದಿದ್ದರೆ ಬದಲಾವಣೆ ಬೇಕಾಗಬಹುದು. ಇದು ಹೊರಗಿನವರಿಗೆ ಸುಲಭವಾಗಿ ಗೊತ್ತಾಗುವ ವಿಷಯವಲ್ಲ. "ಒಳಗಿನ ಮೂಲಗಳು" ಎಂದು ಬರುವ ಸಂದೇಶಗಳನ್ನು ನಂಬುವ ಮುನ್ನ ಯೋಚಿಸಿ.

5. ಬದಲಿಗೆ ಯಾರು? ಈಗಿರುವ ಆಟಗಾರರಿಗೆ ಹೊಂದುವ ಕೋಚ್ ಸಿದ್ಧವಿಲ್ಲದೆ ತೆಗೆದರೆ, ಹಳೆಯ ಕೋಚ್‌ನ ಒಪ್ಪಂದದ ಹಣವನ್ನೂ ಹೊಸಬರ ಸಂಬಳವನ್ನೂ ಕ್ಲಬ್ ಒಟ್ಟಿಗೆ ಕೊಡಬೇಕಾದ ಪರಿಸ್ಥಿತಿ ಬರಬಹುದು.

ಈ ಐದಕ್ಕೂ ಉತ್ತರ ಕೋಚ್‌ನ ವಿರುದ್ಧವೇ ಇದ್ದರೆ "ಬದಲಿಸಿ" ಎನ್ನುವುದು ನ್ಯಾಯವಾದ ಅಭಿಪ್ರಾಯ. ಅಭಿಮಾನಿಗಳು ಟಿಕೆಟ್ ಕೊಂಡು, ರೈಲು ಹತ್ತಿ, ಕೆಲಸ ಬಿಟ್ಟು ಬಂದು ಕೂಗುವವರು. ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ. ಕೋಚ್‌ನ ಹೆಂಡತಿ ಮಕ್ಕಳನ್ನು ಎಳೆದು ತರುವ, ಬಣ್ಣ ಅಥವಾ ದೇಶ ಹಿಡಿದು ಬೈಯುವ ಸಂದೇಶಗಳಿಗೆ ಆ ಹಕ್ಕಿನ ಹೆಸರು ಸಲ್ಲದು.

ಇದು ಫುಟ್‌ಬಾಲ್‌ಗೆ ಮಾತ್ರವಲ್ಲ

ಈ ತಪ್ಪು ಲೆಕ್ಕ ಮೈದಾನದಲ್ಲಿ ನಡೆದರೆ ಒಬ್ಬ ಕೋಚ್‌ನ ಕೆಲಸ ಹೋಗುತ್ತದೆ. ಆರೋಗ್ಯದ ವಿಷಯದಲ್ಲಿ ನಡೆದರೆ ಜೀವಕ್ಕೇ ತೊಂದರೆ.

ನೆಗಡಿ ಜೋರಾಗುವುದು ಸಾಮಾನ್ಯವಾಗಿ ಎರಡನೇ ಮೂರನೇ ದಿನ. ನಾವು ಮದ್ದು ಹುಡುಕುವುದೂ ಅದೇ ದಿನ. ಆ ದಿನ ಏನು ಕುಡಿದರೂ ನಾಲ್ಕೈದು ದಿನಕ್ಕೆ ಕಡಿಮೆಯಾಗುತ್ತದೆ, ಕುಡಿಯದಿದ್ದರೂ ಆಗುತ್ತದೆ. ಮಂಡಿನೋವು, ಬೆನ್ನುನೋವು ಏರಿಳಿಯುವ ಕಾಯಿಲೆಗಳು. ನೋವು ತುತ್ತತುದಿಗೆ ಹೋದಾಗ ಹಚ್ಚಿದ ಎಣ್ಣೆಗೆ, ಕಟ್ಟಿದ ತಾಯತಕ್ಕೆ ಶ್ರೇಯ ಹೋಗುತ್ತದೆ. "ನಾನೇ ಬಳಸಿ ನೋಡಿದ್ದೇನೆ, ಗುಣವಾಯಿತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬಳಸದಿದ್ದರೆ ಏನಾಗುತ್ತಿತ್ತು ಎಂಬುದು ಮಾತ್ರ ಅವರಿಗೂ ಗೊತ್ತಿಲ್ಲ. ಹೊಸ ಔಷಧವನ್ನು ಪರೀಕ್ಷಿಸುವಾಗ ಅದನ್ನು ಕೊಡದ ಇನ್ನೊಂದು ಗುಂಪನ್ನೂ ಇಟ್ಟು ಹೋಲಿಸುವುದು ಇದೇ ಕಾರಣಕ್ಕೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥವುಗಳಲ್ಲಿ ಒಂದು ದಿನದ ಅಳತೆ ಹೆಚ್ಚು ಬಂದು ಮರುದಿನ ಕಡಿಮೆ ಬಂದರೆ, ನಡುವೆ ಕುಡಿದ ಯಾವುದೋ ರಸವೇ ಕಾರಣ ಎಂದು ನಂಬಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಫಾರ್ವರ್ಡ್ ಮಾಡುವ ಮುನ್ನ

"ಇದನ್ನು ಮಾಡಿದೆವು, ಅದಾದ ಮೇಲೆ ಸರಿಹೋಯಿತು" ಎನ್ನುವ ಯಾವುದೇ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಇದನ್ನು ಮಾಡಿದ್ದು ಪರಿಸ್ಥಿತಿ ತೀರಾ ಕೆಟ್ಟಾಗಲೇ? ಮಾಡದೆ ಇದ್ದವರಿಗೆ ಏನಾಯಿತು? ಎಷ್ಟು ಸಲದ, ಎಷ್ಟು ಜನರ ಲೆಕ್ಕ ಇದು?

ಮೂರಕ್ಕೂ ಉತ್ತರ ಸಿಗದಿದ್ದರೆ ಆ ಸಂದೇಶವನ್ನು ನಿಮ್ಮ ಫೋನಿನಲ್ಲೇ ನಿಲ್ಲಿಸಿ. ಮುಂದಿನ ಸಲ ಬೆಂಗಳೂರು ಎಫ್‌ಸಿ ಮೂರು ಪಂದ್ಯ ಸೋತು ಗುಂಪಿನಲ್ಲಿ ಜಗಳ ಶುರುವಾದಾಗ, ಯಾವುದೇ ಬಣ ಸೇರುವ ಮೊದಲು ಒಮ್ಮೆ 2022-23ರ ಅಂಕಪಟ್ಟಿ ತೆರೆದು ನೋಡಿ: 12 ಪಂದ್ಯ, 10 ಅಂಕ. ಆಮೇಲೆ, ಅದೇ ಕೋಚ್ ಇದ್ದಾಗಲೇ, 8 ಪಂದ್ಯ, 24 ಅಂಕ.